ಯಾರೂ ತಮ್ಮದೆನ್ನದ ಪ್ರೀತಿ: ಶಾಲೆ, ಸಿನಿಮಾ ಮತ್ತು ಒಂದು ಬೈಗುಳದ ಚರಿತ್ರೆ

ತುಂಗಭದ್ರೆಯ ದಂಡೆಯ ಹಲವಾಗಲಿನಿಂದ ಹೊರಟು ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಎಂದು ಒಂದು ಸುತ್ತು ಹಾಕಿ ಬಂದರೆ ಮಾತಿನ ಧಾಟಿ ಊರೂರಿಗೂ ಕೊಂಚ ಬದಲಾಗುತ್ತದೆ. ಹೈಸ್ಕೂಲಿನ ಅಂಗಳದ ಒಂದು ಬೈಗುಳ ಮಾತ್ರ ಎಲ್ಲ ಕಡೆಯೂ ಒಂದೇ. ಕಬಡ್ಡಿಗೆ ಇಳಿಯದ ಹುಡುಗ, ಬಳುಕಿ ನಡೆಯುವ ಹುಡುಗ, ಗ್ಯಾದರಿಂಗಿನಲ್ಲಿ ಹೆಣ್ಣುವೇಷ ಹಾಕಿ ಚೆನ್ನಾಗಿ ಕುಣಿದ ಹುಡುಗ, ಇನ್ನೊಬ್ಬ ಹುಡುಗನ ಸೈಕಲ್ಲಿನ ಕ್ಯಾರಿಯರ್ ಮೇಲೆ ದಿನಾ ಕುಳಿತು ಬರುವ ಹುಡುಗ, ಇವರೆಲ್ಲರಿಗೂ ಸಹಪಾಠಿಗಳು ಇಟ್ಟ ಹೆಸರು ‘ಖೋಜಾ’. ಮೇಷ್ಟರು ಕೇಳಿಸಿಕೊಂಡರೂ ಕೇಳಿಸದಂತಿರುತ್ತಾರೆ. ಕೆಲವೊಮ್ಮೆ ಅವರೂ ನಗುತ್ತಾರೆ.

ಬೈಗುಳಗಳಿಗೂ ಚರಿತ್ರೆ ಇರುತ್ತದೆ. ಖೋಜಾ ಎಂಬುದು ಪಾರಸಿಯ ‘ಖ್ವಾಜಾ’. ಅದರ ಅರ್ಥ ಒಡೆಯ, ಯಜಮಾನ, ಗುರು. ಅಜ್ಮೀರದ ಮೊಯಿನುದ್ದೀನ್ ಚಿಷ್ತಿಯವರ ಹೆಸರಿಗೂ, 1422ರಲ್ಲಿ ತೀರಿಕೊಂಡ ಕಲಬುರಗಿಯ ಬಂದೇನವಾಜರ ಹೆಸರಿಗೂ ಮೊದಲು ಸೇರುವ ಗೌರವದ ಪದ ಇದೇ. ಸುಲ್ತಾನರ ಅರಮನೆಗಳಲ್ಲಿ ಬೀಜ ಒಡೆದ ಗುಲಾಮರನ್ನು ಅಂತಃಪುರದ ಕಾವಲಿಗೂ ಆಡಳಿತಕ್ಕೂ ಇಟ್ಟುಕೊಳ್ಳುತ್ತಿದ್ದರು. ಅಂಥವರಿಗೆ ‘ಖ್ವಾಜಾಸರಾ’ ಎಂಬ ಮರ್ಯಾದೆಯ ಹೆಸರಿತ್ತು. ಇವರಲ್ಲಿ ಕೆಲವರು ಬಹಳ ಎತ್ತರಕ್ಕೆ ಏರಿದರು. 1311ರಲ್ಲಿ ಹೊಯ್ಸಳರ ದ್ವಾರಸಮುದ್ರದವರೆಗೆ ದಂಡು ತಂದ ಮಲಿಕ್ ಕಾಫೂರ್ ಅಂಥವನೊಬ್ಬ. ಖ್ವಾಜಾ ಎ ಜಹಾನ್ ಎಂಬ ಬಿರುದಿದ್ದ ಮಲಿಕ್ ಸರ್ವರ್ 1394ರಲ್ಲಿ ಜೌನ್‌ಪುರದಲ್ಲಿ ಒಂದು ರಾಜ್ಯವನ್ನೇ ಕಟ್ಟಿದ. ದರ್ಗಾದಲ್ಲಿ ತಲೆಬಾಗಿ ಉಚ್ಚರಿಸುವ ಪದ ಶಾಲೆಯ ಮೈದಾನದಲ್ಲಿ ಉಗುಳಾಗುವುದಕ್ಕೆ ಅರಮನೆಗಳು ಬೀಳಬೇಕಾಯಿತು, ಇಂಗ್ಲಿಷರು ಬರಬೇಕಾಯಿತು.

ಇಂಗ್ಲಿಷರಿಗೆ ಗಂಡು ಹೆಣ್ಣು ಎಂಬ ಎರಡೇ ಖಾನೆ ಸಾಕಾಗಿದ್ದವು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಎರಡನೇ ಭಾಗದಲ್ಲಿ ಖೋಜಾಗಳನ್ನೂ ಹಿಜಡಾಗಳನ್ನೂ ಪೊಲೀಸು ರಿಜಿಸ್ಟರಿನಲ್ಲಿ ಬರೆಸಿದರು. ಹೆಣ್ಣುಡುಗೆ ತೊಟ್ಟು ಬೀದಿಯಲ್ಲಿ ಕುಣಿಯುವುದು, ಹಾಡುವುದು ಅಪರಾಧವಾಯಿತು. ನಮ್ಮ ಹೊಳೆಯ ಆಚೆ ದಂಡೆ ನಿಜಾಮರ ಸೀಮೆ. ಮುಸ್ಲಿಂ ಅರಸ ಹಳೆಯ ಖ್ವಾಜಾಸರಾ ಪರಂಪರೆಯನ್ನು ನೆನೆದನೆ? ಇಲ್ಲ. ಹೈದರಾಬಾದು ಸಂಸ್ಥಾನವೂ 1919ರಲ್ಲಿ ಅಂಥದೇ ಕಾಯ್ದೆ ಮಾಡಿತು. ನಿಜಾಮರು ಹೋದರು, ಸಂಸ್ಥಾನ ಹೋಯಿತು, ಕಾಯ್ದೆ ಮಾತ್ರ ಪುಸ್ತಕದಲ್ಲಿ ಉಳಿದೇ ಇತ್ತು. ತೆಲಂಗಾಣದ ಹೈಕೋರ್ಟು ಅದನ್ನು ರದ್ದು ಮಾಡಿದ್ದು 2023ರ ಜುಲೈನಲ್ಲಿ.

ಈ ಬೈಗುಳದ ಕೇಡು ಅದರ ಒರಟುತನದಲ್ಲಷ್ಟೇ ಇಲ್ಲ. ಮೂರು ಬೇರೆ ಬೇರೆ ಬಗೆಯ ಮನುಷ್ಯರನ್ನು ಅದು ಒಂದೇ ಗೋಣಿಚೀಲದಲ್ಲಿ ತುಂಬುತ್ತದೆ. ಚೂರಿಯಿಂದ ಗಂಡಸುತನ ಕಳೆದುಕೊಂಡ ಅರಮನೆಯ ಗುಲಾಮ ಒಬ್ಬ. ಗಂಡು ದೇಹದಲ್ಲಿ ಹುಟ್ಟಿ ತನ್ನನ್ನು ಹೆಣ್ಣೆಂದೇ ಅರಿತವಳು ಇನ್ನೊಬ್ಬಳು. ಗಂಡಾಗಿಯೇ ಇದ್ದು, ಗಂಡಾಗಿಯೇ ಇರಬಯಸಿ, ಪಕ್ಕದ ಬೆಂಚಿನ ಹುಡುಗನ ಮೇಲೆ ಮನಸ್ಸಿಟ್ಟವನು ಮೂರನೆಯವನು. ಮೊದಲನೆಯವನಿಗೆ ದರ್ಬಾರಿನಲ್ಲಿ ಹುದ್ದೆ ಇತ್ತು. ಎರಡನೆಯವಳಿಗೆ ನಮ್ಮ ಸೀಮೆಯಲ್ಲಿ ಒಬ್ಬಳು ದೇವಿ ಇದ್ದಳು. ಮೂರನೆಯವನಿಗೆ ಏನೂ ಇರಲಿಲ್ಲ.

ಆ ದೇವಿಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹುಲಿಗಿಯ ಹುಲಿಗೆಮ್ಮ, ಹರಪನಹಳ್ಳಿ ತಾಲೂಕಿನ ಉಚ್ಚಂಗಿದುರ್ಗದ ಎಲ್ಲಮ್ಮ, ದೂರದ ಸವದತ್ತಿಯ ಎಲ್ಲಮ್ಮ, ಈ ತಾಯಂದಿರ ನೆರಳಿನಲ್ಲಿ ಜೋಗಪ್ಪ ಜೋಗತಿಯರ ಪರಂಪರೆ ಬೆಳೆಯಿತು. ‘ದೇವರು ಬಂದಿದೆ’ ಎಂದ ಮೇಲೆ ಮನೆಯವರೂ ಊರವರೂ ಬಾಯಿ ಮುಚ್ಚಬೇಕು. ಬಳ್ಳಾರಿ ಸೀಮೆಯ ಕಲ್ಲುಕಂಬದಲ್ಲಿ ಮಂಜುನಾಥನಾಗಿ ಹುಟ್ಟಿದ ಮಗುವನ್ನು 1975ರಲ್ಲಿ ಹುಲಿಗಿಯಲ್ಲಿ ಮುತ್ತು ಕಟ್ಟಿಸಿ ಜೋಗತಿ ಮಾಡಿದರು. ಆ ಮಗುವೇ ಮುಂದೆ ಮಂಜಮ್ಮ ಜೋಗತಿ. ಮನೆ ಬಿಡಬೇಕಾಯಿತು. ಭಿಕ್ಷೆ, ಹಸಿವು, ಅತ್ಯಾಚಾರ ಎಲ್ಲವನ್ನೂ ದಾಟಿ ಕಾಳವ್ವ ಜೋಗತಿಯ ತಂಡ ಸೇರಿ ತಲೆಯ ಮೇಲೆ ಕೊಡ ಹೊತ್ತು ಕುಣಿದರು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷ ಪದವಿ, 2021ರಲ್ಲಿ ಪದ್ಮಶ್ರೀ. ರಾಷ್ಟ್ರಪತಿ ಭವನದಲ್ಲಿ ಅವರು ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದುದನ್ನು ದೇಶವೇ ನೋಡಿತು. ಅವರ ಬದುಕನ್ನು ‘ನಡುವೆ ಸುಳಿವ ಹೆಣ್ಣು’ ಎಂಬ ಪುಸ್ತಕವಾಗಿ ಬರೆದ ಅರುಣ್ ಜೋಳದಕೂಡ್ಲಿಗಿ ಇದೇ ಸೀಮೆಯವರು. ಇದನ್ನು ನಮ್ಮ ನಾಡಿನ ಸಹನೆಯ ಪುರಾವೆ ಎಂದು ಕೆಲವರು ಬೀಗುವುದುಂಟು. ಆ ಬೀಗುವಿಕೆ ನಮಗೆ ಒಪ್ಪಿಗೆಯಾಗದು. ಮನೆಯ ಹೊಸ್ತಿಲು ದಾಟಿ ಹೋಗಬೇಕು, ಬೇಡಿ ಉಣ್ಣಬೇಕು ಎಂಬ ಕರಾರಿನ ಮೇಲೆ ಕೊಟ್ಟ ಜಾಗ ಅದು. ಆದರೂ ಅದು ಒಂದು ಜಾಗ. ಸೀರೆ ಉಡಲೊಲ್ಲದ, ಪ್ಯಾಂಟು ಶರ್ಟಿನಲ್ಲೇ ಇದ್ದು ಗೆಳೆಯನನ್ನು ಪ್ರೀತಿಸಿದ ಹುಡುಗನಿಗೆ ಅಷ್ಟೂ ಸಿಗಲಿಲ್ಲ.

ಆ ಮೂರನೆಯವನನ್ನು ಕನ್ನಡದಲ್ಲಿ ಮುಖವೆತ್ತಿ ನಿಲ್ಲಿಸಿದವರೂ ಇದೇ ಬಳ್ಳಾರಿ ಸೀಮೆಯವರು. 1969ರಲ್ಲಿ ಸಂಡೂರಿನಲ್ಲಿ ಹುಟ್ಟಿ ಸಾಫ್ಟ್‌ವೇರ್ ಕೆಲಸ ಮಾಡುತ್ತಲೇ ಕಥೆಗಾರರಾದ ವಸುಧೇಂದ್ರ 2013ರಲ್ಲಿ ‘ಮೋಹನಸ್ವಾಮಿ’ ಪ್ರಕಟಿಸಿದರು. ಅದರ ಜೊತೆಗೆ ತಾವೂ ಅಂಥವರೇ ಎಂದು ಬಹಿರಂಗವಾಗಿ ಹೇಳಿದರು. ಅಲ್ಲಿಯವರೆಗೆ ನಮ್ಮ ಸಾಹಿತ್ಯದಲ್ಲಿ ಈ ವಸ್ತು ಇರಲೇ ಇಲ್ಲ ಎಂದಲ್ಲ. ಆದರೆ ಚಿಕ್ಕ ಊರಿನ ಶಾಲೆಯ ಹಂಗಿಸುವಿಕೆಯಿಂದ ಹಿಡಿದು ಬೆಂಗಳೂರಿನ ಬಾಡಿಗೆ ಮನೆಯ ಒಂಟಿತನದವರೆಗೆ ಒಬ್ಬನ ಬಾಳನ್ನು ಒಳಗಿನಿಂದ ಹೇಳಿದ ಪುಸ್ತಕ ಅದು. ಕನ್ನಡದಲ್ಲಿ ನಾವು ಬಳಸುತ್ತಿದ್ದ ಪದ ‘ಸಲಿಂಗಕಾಮ’. ಗಂಡುಹೆಣ್ಣಿನದಾದರೆ ಪ್ರೇಮ, ಇವರದಾದರೆ ಬರೀ ಕಾಮ! ಮೋಹನಸ್ವಾಮಿಯನ್ನು ಓದಿದವರಿಗೆ ಈ ಪದವಿಂಗಡಣೆಯ ಅನ್ಯಾಯ ಹೊಳೆಯದೆ ಇರದು.

ಸಿನಿಮಾಕ್ಕೆ ಬರೋಣ. ನಮ್ಮ ಹಳ್ಳಿಗಳಿಗೆ ಲೋಕವನ್ನು ತಂದು ತೋರಿಸಿದ್ದು ಟೂರಿಂಗ್ ಟಾಕೀಸು. ಕನ್ನಡದ ಜನಪ್ರಿಯ ಚಿತ್ರಗಳಲ್ಲಿ ಹೆಣ್ಣಿಗನೆಂಬ ಪಾತ್ರ ಹಲವು ದಶಕಗಳ ಕಾಲ ಬಂದು ಹೋಯಿತು. ಬರುವುದು ನಗಿಸಲಿಕ್ಕೆ, ಕೈ ತಿರುವಿ ಮಾತಾಡಲಿಕ್ಕೆ, ನಾಯಕನಿಂದ ಒಂದು ಏಟು ತಿನ್ನಲಿಕ್ಕೆ. ರಾತ್ರಿ ಟೆಂಟಿನಲ್ಲಿ ಕಂಡದ್ದನ್ನು ಹುಡುಗರು ಬೆಳಗ್ಗೆ ಶಾಲೆಯಲ್ಲಿ ಆಡಿ ತೋರಿಸುತ್ತಿದ್ದರು. ಬೈಗುಳಕ್ಕೆ ಅಭಿನಯವೂ ಸೇರಿತು.

ಈ ಚಾಳಿಗೆ ದೊಡ್ಡ ಪೆಟ್ಟು ಕೊಟ್ಟದ್ದು ಬಿ.ಎಸ್. ಲಿಂಗದೇವರು ಅವರ ‘ನಾನು ಅವನಲ್ಲ... ಅವಳು’. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯನ್ನು ಆಧರಿಸಿ, ಮಾದೇಶನೆಂಬ ಹುಡುಗ ವಿದ್ಯಾ ಆಗುವ ದಾರಿಯನ್ನು ತೋರಿಸಿ 2015ರಲ್ಲಿ ತೆರೆಗೆ ಬಂತು. ಆ ಪಾತ್ರಕ್ಕೆ ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು. 2021ರ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ಆ ನಟ ತೀರಿಕೊಂಡದ್ದು ಕನ್ನಡಕ್ಕೆ ತುಂಬಲಾರದ ನಷ್ಟ. ಒಳ್ಳೆಯ ಚಿತ್ರ. ಆದರೆ ಅದರ ಹೆಸರುವಾಸಿಯಿಂದ ಒಂದು ಎಡವಟ್ಟೂ ಆಯಿತೆಂದು ನಮ್ಮ ಅನಿಸಿಕೆ. ಮೆತ್ತಗಿನ ಹುಡುಗರೆಲ್ಲ ಕೊನೆಗೆ ಹೆಣ್ಣಾಗುವವರೇ ಎಂದು ಪ್ರೇಕ್ಷಕ ಸಮಾಜ ತಿಳಿದುಕೊಂಡಿತು. ಮೂರನೆಯವನು ಮತ್ತೆ ಗೋಣಿಚೀಲದೊಳಗೇ ಉಳಿದ. ಪಕ್ಕದ ಬೆಂಚಿನವನನ್ನು ಮೆಚ್ಚಿದ ಹೈಸ್ಕೂಲು ಹುಡುಗನ ಕಥೆ ನಮ್ಮ ಹೆಸರಾಂತ ಚಿತ್ರಗಳ ಪಟ್ಟಿಯಲ್ಲಿಲ್ಲ.

ಬೇರೆ ಕಡೆ ಈ ಕಥೆ ತೆರೆಗೆ ಬಂದು ತೊಂಬತ್ತು ವರ್ಷ ದಾಟಿತು. 1931ರಲ್ಲಿ ಜರ್ಮನಿಯಲ್ಲಿ ಲಿಯೊಂಟೀನ್ ಸಾಗಾನ್ ಎಂಬ ಮಹಿಳೆ ‘ಮೇಡ್ಚೆನ್ ಇನ್ ಯೂನಿಫಾರ್ಮ್’ ಎಂಬ ಚಿತ್ರ ಮಾಡಿದರು. ‘ಸಮವಸ್ತ್ರದ ಹುಡುಗಿಯರು’ ಎಂದು ಅರ್ಥ. ಮಿಲಿಟರಿ ಶಿಸ್ತಿನ ಒಂದು ವಸತಿಶಾಲೆ. ತಾಯಿಯಿಲ್ಲದ ಮನುವೆಲಾ ಎಂಬ ಹುಡುಗಿ ತನ್ನ ಟೀಚರನ್ನು ಪ್ರೀತಿಸುತ್ತಾಳೆ, ಎಲ್ಲರೆದುರು ಹೇಳಿಬಿಡುತ್ತಾಳೆ. ಮುಖ್ಯೋಪಾಧ್ಯಾಯಿನಿ ಅವಳನ್ನು ಯಾರೂ ಮಾತಾಡಿಸಕೂಡದೆಂದು ಅಪ್ಪಣೆ ಮಾಡುತ್ತಾಳೆ. ಹುಡುಗಿ ಮೆಟ್ಟಿಲ ಗೋಪುರದ ಮೇಲೇರಿ ಹಾರಿಕೊಳ್ಳಲು ನಿಲ್ಲುತ್ತಾಳೆ. ಮೂಲ ನಾಟಕದಲ್ಲಿ ಅವಳು ಸಾಯುತ್ತಾಳೆ. ಸಿನಿಮಾದಲ್ಲಿ ಸಹಪಾಠಿಗಳು ಅಪ್ಪಣೆ ಮೀರಿ, ಅವಳ ಹೆಸರು ಕೂಗುತ್ತ ಶಾಲೆಯೆಲ್ಲ ಹುಡುಕಿ, ಓಡಿಹೋಗಿ ಎಳೆದುಕೊಳ್ಳುತ್ತಾರೆ. ಮುಂದೆ ನಾಜಿಗಳು ಈ ಚಿತ್ರವನ್ನು ನಿಷೇಧಿಸಿದರು. ಹುಡುಗಿಯರ ಪ್ರೀತಿಗಿಂತಲೂ ಅಪ್ಪಣೆ ಮೀರಿದ ಆ ಓಟವೇ ಅವರಿಗೆ ಹೆಚ್ಚು ಕಸಿವಿಸಿ ಮಾಡಿರಬೇಕು.

‘ಇದು ನಮ್ಮದಲ್ಲ, ಪಶ್ಚಿಮದ ರೋಗ’ ಎಂದು ಹೇಳುವವರು ಒಂದು ಹಳೆಯ ಮೊಕದ್ದಮೆಯನ್ನು ಅಗತ್ಯ ತಿಳಿಯಬೇಕು. 1810ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಮೇರಿಯಾನ್ ವುಡ್ಸ್ ಮತ್ತು ಜೇನ್ ಪೀರೀ ಎಂಬ ಇಬ್ಬರು ಹೆಣ್ಣುಮಕ್ಕಳ ಶಾಲೆ ನಡೆಸುತ್ತಿದ್ದರು. ಜೇನ್ ಕಮ್ಮಿಂಗ್ ಎಂಬ ವಿದ್ಯಾರ್ಥಿನಿ ತನ್ನ ಅಜ್ಜಿಯ ಬಳಿ, ಇಬ್ಬರು ಟೀಚರುಗಳ ನಡುವೆ ಕೂಡದ ಸಂಬಂಧವಿದೆ ಎಂದು ಹೇಳಿದಳು. ಅಜ್ಜಿ ದೊಡ್ಡ ಮನೆತನದ ಹೆಂಗಸು. ಆಕೆಯ ಮಾತು ಹಬ್ಬಿ ಕೆಲವೇ ದಿನಗಳಲ್ಲಿ ಮಕ್ಕಳೆಲ್ಲ ಬಿಟ್ಟುಹೋಗಿ ಶಾಲೆ ಮುಚ್ಚಿತು. ಟೀಚರುಗಳು ಮಾನನಷ್ಟ ಮೊಕದ್ದಮೆ ಹೂಡಿದರು. ಜೇನ್ ಕಮ್ಮಿಂಗ್ ಹುಟ್ಟಿದ್ದು ಇಂಡಿಯಾದಲ್ಲಿ. ತಂದೆ ಈಸ್ಟ್ ಇಂಡಿಯಾ ಕಂಪನಿಯ ನೌಕರ, ತಾಯಿ ಇಂಡಿಯಾದ ಹೆಣ್ಣು. ಕೋರ್ಟಿನಲ್ಲಿ ಕೆಲವು ನ್ಯಾಯಾಧೀಶರ ವಾದ ಕೇಳಿ: ಇಂಥ ಪಾಪ ಬ್ರಿಟನ್ನಿನ ಹೆಣ್ಣುಮಕ್ಕಳಿಗೆ ಗೊತ್ತೇ ಇಲ್ಲ, ಇಂಡಿಯಾದ ಆಯಾಗಳ ಬಾಯಿಂದ ಕಲಿತ ಕೊಳಕನ್ನು ಈ ಹುಡುಗಿ ಇಲ್ಲಿಗೆ ತಂದಿದ್ದಾಳೆ! ಮೊಕದ್ದಮೆ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಗಿ 1819ರಲ್ಲಿ ಟೀಚರುಗಳ ಪರವಾಗಿ ಮುಗಿಯಿತು. ಅಷ್ಟರಲ್ಲಿ ಅವರ ಬದುಕು ಮಣ್ಣುಪಾಲಾಗಿತ್ತು.

ಈ ಪ್ರಕರಣವನ್ನು ಇಟ್ಟುಕೊಂಡು ಲಿಲಿಯನ್ ಹೆಲ್ಮನ್ 1934ರಲ್ಲಿ ‘ದಿ ಚಿಲ್ಡ್ರನ್ಸ್ ಅವರ್’ ನಾಟಕ ಬರೆದರು. 1936ರಲ್ಲಿ ಅದು ಮೊದಲ ಬಾರಿ ಸಿನಿಮಾ ಆದಾಗ ಹಾಲಿವುಡ್ಡಿನ ನೀತಿಸಂಹಿತೆಯ ಭಯಕ್ಕೆ ಹೆಣ್ಣುಹೆಣ್ಣಿನ ಮಾತನ್ನೇ ತೆಗೆದುಹಾಕಿ ಒಬ್ಬ ಗಂಡಸನ್ನು ನಡುವೆ ತಂದಿಟ್ಟರು. 1961ರಲ್ಲಿ ಅದೇ ನಿರ್ದೇಶಕ ವಿಲಿಯಂ ವೈಲರ್ ಮತ್ತೆ ತೆಗೆದಾಗ ವಿಷಯ ಉಳಿಯಿತು, ಟೀಚರು ನೇಣು ಹಾಕಿಕೊಂಡಳು. ಇಂಡಿಯಾದ ಹುಡುಗಿ ಮಾತ್ರ ಎರಡರಲ್ಲೂ ಇಲ್ಲ. ಅವಳ ಜಾಗದಲ್ಲಿ ಬಿಳಿಯ ಹುಡುಗಿ ಬಂದಿದ್ದಾಳೆ.

1819ರಲ್ಲಿ ಅದು ‘ಪೂರ್ವದ ಕೊಳಕು’ ಆಗಿತ್ತು. ಆ ಪೂರ್ವವನ್ನು ತಿದ್ದಲೆಂದೇ ಮೆಕಾಲೆ 1837ರ ಕರಡಿನಲ್ಲಿ ಕಲಮುಗಳನ್ನು ಬರೆದ. ಅವುಗಳ ಬಗ್ಗೆ ಚರ್ಚೆಯೂ ಬೇಡ, ಚರ್ಚಿಸಿದರೇ ನೀತಿ ಕೆಡುತ್ತದೆ ಎಂದ. 1860ರ ದಂಡಸಂಹಿತೆಯಲ್ಲಿ ಅದು 377ನೇ ಕಲಮಾಯಿತು. ಅದಕ್ಕೆ ಎರಡು ವರ್ಷ ಹಿಂದೆ, 1858ರಲ್ಲಿ, ಖಲೀಫರ ತುರ್ಕಿ ಹೊಸ ದಂಡಸಂಹಿತೆ ಬರೆದಾಗ ಇಬ್ಬರು ವಯಸ್ಕರು ಒಪ್ಪಿ ನಡೆಸಿದ ಇಂಥ ಸಂಬಂಧಕ್ಕೆ ಶಿಕ್ಷೆಯನ್ನೇ ಇಡಲಿಲ್ಲ ಎಂಬುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರಲಾರದು.

ಆಮೇಲೆ ಆರೋಪ ದಿಕ್ಕು ಬದಲಿಸಿತು. ದೀಪಾ ಮೆಹ್ತಾ ಅವರ ‘ಫೈರ್’ ಚಿತ್ರ 1998ರ ಕೊನೆಗೆ ಸೆನ್ಸಾರ್ ದಾಟಿ ತೆರೆಗೆ ಬಂದಾಗ ಶಿವಸೇನೆಯವರು ಮುಂಬಯಿಯ ಟಾಕೀಸುಗಳ ಗಾಜು ಪುಡಿ ಮಾಡಿದರು. ಚಿತ್ರದ ಇಬ್ಬರು ಓರಗಿತ್ತಿಯರ ಹೆಸರು ರಾಧಾ ಮತ್ತು ಸೀತಾ. ಆ ಹೆಸರುಗಳನ್ನು ತೆಗೆದು ಮುಸ್ಲಿಂ ಹೆಸರಿಟ್ಟರೆ ತಕರಾರಿಲ್ಲ ಎಂಬ ಅರ್ಥದ ಮಾತು ಸೇನೆಯ ಮುಖ್ಯಸ್ಥರಿಂದಲೇ ಬಂತು. ರಕ್ಷಣೆ ಕೋರಿ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ದಿಲೀಪ್ ಕುಮಾರ್ ಒಬ್ಬರು. ಅವರ ಮನೆಯ ಮುಂದೆ ಚಡ್ಡಿಯಲ್ಲಿ ನಿಂತು ಪ್ರತಿಭಟನೆ ಮಾಡಿದರು. ಇಂಗ್ಲಿಷರು ಹಿಂದೂ ಆಯಾಗಳತ್ತ ಬೆರಳು ತೋರಿದರು, ಹಿಂದೂತ್ವದವರು ಮುಸ್ಲಿಮರತ್ತ, ನಮ್ಮ ಜುಮ್ಮಾ ಭಾಷಣಗಾರರು ಯುರೋಪಿನತ್ತ. ಸಲೀಂ ಕಿದ್ವಾಯಿ ಮತ್ತು ರೂತ್ ವನಿತಾ 2000ದಲ್ಲಿ ಸಂಪಾದಿಸಿದ ಭಾರತದ ಸಲಿಂಗಪ್ರೇಮದ ಬರಹಗಳ ಸಂಪುಟ, ಸಂಸ್ಕೃತದಿಂದ ಉರ್ದುವಿನವರೆಗಿನ ದಾಖಲೆ ಹರವಿ ಈ ಬೆರಳಾಟವನ್ನೇ ಹುಸಿಯಾಗಿಸಿತು. ಲಾಹೋರಿನಲ್ಲಿ ಸೂಫಿ ಶಾಹ್ ಹುಸೇನರೂ ಅವರು ಮನಸಾರೆ ಹಚ್ಚಿಕೊಂಡಿದ್ದ ಬ್ರಾಹ್ಮಣ ತರುಣ ಮಾಧೋಲಾಲನೂ ಒಂದೇ ದರ್ಗಾದಲ್ಲಿ ಮಲಗಿದ್ದಾರೆ. ಅವರನ್ನು ಜನ ಕರೆಯುವುದು ಇಬ್ಬರ ಹೆಸರು ಕೂಡಿಸಿ: ಮಾಧೋಲಾಲ್ ಹುಸೇನ್.

ನೆರೆಯ ಕೇರಳದಲ್ಲಿ ಶಾಲೆಯ ಕಥೆ ಬೇಗ ತೆರೆ ಕಂಡಿತು. ಪದ್ಮರಾಜನ್ ಅವರ ‘ದೇಶಾಡನಕ್ಕಿಳಿ ಕರಯಾರಿಲ್ಲ’ ಬಂದದ್ದು 1986ರಲ್ಲಿ. ಇಬ್ಬರು ಶಾಲಾ ಹುಡುಗಿಯರು ಪ್ರವಾಸದ ನಡುವೆ ತಪ್ಪಿಸಿಕೊಂಡು ಹೋಗುತ್ತಾರೆ. ಅವರ ನಂಟಿಗೆ ಚಿತ್ರ ಯಾವ ಹೆಸರನ್ನೂ ಕೊಡುವುದಿಲ್ಲ. ಕೊನೆಗೆ ಇಬ್ಬರನ್ನೂ ಸಾಯಿಸುತ್ತದೆ. 2004ರ ‘ಸಂಚಾರಂ’ನಲ್ಲಿ ಲಿಜಿ ಪುಲ್ಲಪ್ಪಳ್ಳಿ ಅದೇ ವಯಸ್ಸಿನ ಕಿರಣ್ ಮತ್ತು ಡಿಲೈಲಾರ ಪ್ರೀತಿಗೆ ಹೆಸರು ಕೊಟ್ಟರು. ಒಬ್ಬಳನ್ನು ಮದುವೆಗೆ ದೂಡುತ್ತಾರೆ. ಇನ್ನೊಬ್ಬಳು ಸಾವಿನ ಅಂಚಿಗೆ ಹೋಗಿ ನಿಂತು, ಹಿಂದಕ್ಕೆ ಹೆಜ್ಜೆ ಇಡುತ್ತಾಳೆ. ಬರ್ಲಿನ್ನಿನಲ್ಲಿ 1931ರಲ್ಲಿ ಸಹಪಾಠಿಗಳು ಎಳೆದುಕೊಂಡಿದ್ದರು. ಇಲ್ಲಿ ಅವಳು ತನ್ನನ್ನು ತಾನೇ ಎಳೆದುಕೊಳ್ಳಬೇಕಾಯಿತು.

ಮುಸ್ಲಿಂ ಓದುಗರು ತಪ್ಪದೆ ನೋಡಬೇಕಾದ ಚಿತ್ರ ಹನ್ಸಲ್ ಮೆಹ್ತಾ ಅವರ ‘ಅಲಿಗಢ’. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಮರಾಠಿ ಕಲಿಸುತ್ತಿದ್ದ ಪ್ರೊಫೆಸರ್ ಶ್ರೀನಿವಾಸ ರಾಮಚಂದ್ರ ಸಿರಸ್ ಅವರ ಮನೆಗೆ 2010ರ ಫೆಬ್ರುವರಿ 8ರ ರಾತ್ರಿ ಕ್ಯಾಮೆರಾ ಹಿಡಿದು ನುಗ್ಗಿದರು. ಮರುದಿನ ವಿಶ್ವವಿದ್ಯಾಲಯ ನುಗ್ಗಿದವರನ್ನು ಬಿಟ್ಟು ಅವರನ್ನು ಅಮಾನತು ಮಾಡಿತು. ದೆಹಲಿ ಹೈಕೋರ್ಟು 2009ರ ಜುಲೈನಲ್ಲೇ ವಯಸ್ಕರ ಇಂಥ ಸಂಬಂಧ ಅಪರಾಧವಲ್ಲ ಎಂದಿತ್ತು. ಏಪ್ರಿಲ್ 1ರಂದು ಅಲಹಾಬಾದ್ ಹೈಕೋರ್ಟು ಸಿರಸ್ ಅವರ ಪರ ಆದೇಶ ಕೊಟ್ಟಿತು. ಏಪ್ರಿಲ್ 7ರಂದು ಅವರು ಬಾಡಿಗೆ ಮನೆಯಲ್ಲಿ ಶವವಾಗಿ ಸಿಕ್ಕರು. 2016ರಲ್ಲಿ ಚಿತ್ರ ಬಿಡುಗಡೆಯಾದಾಗ, ಊರಿನ ಹೆಸರು ಕೆಡುತ್ತದೆ ಎಂದು ಅಲಿಗಢದಲ್ಲೇ ವಿರೋಧ ಎದ್ದಿತು. ಊರಿನ ಹೆಸರು ಕೆಟ್ಟದ್ದು ಸಿನಿಮಾದಿಂದಲೆ?

ಧರ್ಮದ ಮಾತು ಬಂದೇ ಬರುತ್ತದೆ, ಬರಲಿ. ಬಹುಪಾಲು ಉಲೇಮಾಗಳು ಈ ಕ್ರಿಯೆಯನ್ನು ಪಾಪವೆಂದೇ ಹೇಳುತ್ತಾರೆ. ಆ ಚರ್ಚೆಗೆ ನಾವು ಇಲ್ಲಿ ಇಳಿಯುತ್ತಿಲ್ಲ. ಆದರೆ ಕುರಾನಿನ 49ನೇ ಅಧ್ಯಾಯ, ಅಲ್ ಹುಜುರಾತ್, ಒಬ್ಬರನ್ನೊಬ್ಬರು ಗೇಲಿ ಮಾಡುವುದನ್ನೂ ಅಡ್ಡಹೆಸರಿಟ್ಟು ಕರೆಯುವುದನ್ನೂ ಒಂದು ವಚನದಲ್ಲಿ ತಡೆಯುತ್ತದೆ. ಮರುವಚನದಲ್ಲೇ ಇತರರ ಗುಟ್ಟು ಬೇಹು ಮಾಡುವ ತಜಸ್ಸುಸನ್ನೂ ಬೆನ್ನ ಹಿಂದೆ ಆಡಿಕೊಳ್ಳುವ ಗೀಬತ್ತನ್ನೂ ತಡೆಯುತ್ತದೆ. ಕ್ಯಾಮೆರಾ ಹೊತ್ತು ಒಬ್ಬನ ಮಲಗುವ ಕೋಣೆಗೆ ನುಗ್ಗುವುದು ಇವುಗಳಲ್ಲಿ ಯಾವುದು? ಎಂಟನೇ ಕ್ಲಾಸಿನ ಹುಡುಗನನ್ನು ಖೋಜಾ ಎನ್ನುವುದು ಯಾವುದು? ಪಾಪದ ಬಗ್ಗೆ ಗಂಟಲು ಹರಿಯುವಂತೆ ಮಾತಾಡುವವರು ಈ ಎರಡು ವಚನಗಳ ಮೇಲೆ ಮಾತಾಡಿದ್ದನ್ನು ನಾವು ಕೇಳಿದ್ದು ಕಡಿಮೆ. ಇನ್ನು ಹದಿನಾಲ್ಕು ಹದಿನೈದರ ಮಕ್ಕಳ ಈ ಒಲವು ಎಂದರೆ ಬಹುತೇಕ ಒಂದು ಚೀಟಿ, ಹಂಚಿಕೊಂಡ ಬುತ್ತಿ, ರಜೆಯಲ್ಲಿ ತಡೆಯಲಾರದ ಅಗಲಿಕೆ ಇಷ್ಟೇ. ಅದರಲ್ಲಿ ದೊಡ್ಡವರು ಕಾಣುವ ಕಾಮ ದೊಡ್ಡವರದೇ.

ಕಾನೂನಿನ ದಾರಿ ಓದುಗರಿಗೆ ತಿಳಿದದ್ದೇ. 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ದೆಹಲಿಯ ತೀರ್ಪನ್ನು ಮಗುಚಿತು. 2017ರಲ್ಲಿ, ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದಿತು. ಅದರ ಬಲದ ಮೇಲೆ 2018ರ ಸೆಪ್ಟೆಂಬರ್ 6ರಂದು 377ರ ಹಲ್ಲು ಕಿತ್ತಿತು. 2023ರ ಅಕ್ಟೋಬರಿನಲ್ಲಿ ಮದುವೆಯ ಹಕ್ಕು ಕೊಡಲು ಒಪ್ಪಲಿಲ್ಲ.

ಶಾಲೆಯವರೆಗೆ ಬಂದದ್ದು ಎಷ್ಟು? 2021ರ ಜೂನ್ 7ರಂದು ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಕೊಟ್ಟ ಆದೇಶ ನಮಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮನೆ ಬಿಟ್ಟು ಬಂದ ಇಬ್ಬರು ಹುಡುಗಿಯರ ಅರ್ಜಿ ಅದು. ಈ ವಿಷಯ ತಮಗೆ ತಿಳಿಯದೆಂದು ಒಪ್ಪಿಕೊಂಡು ನ್ಯಾಯಮೂರ್ತಿಗಳೇ ಒಬ್ಬ ಮನಶ್ಶಾಸ್ತ್ರಜ್ಞರ ಬಳಿ ಕುಳಿತು ಪಾಠ ಹೇಳಿಸಿಕೊಂಡರು. ಆಮೇಲೆ, ‘ಸರಿಮಾಡುತ್ತೇವೆ’ ಎನ್ನುವ ಚಿಕಿತ್ಸೆಗಳನ್ನು ನಿಷೇಧಿಸಿ, ಪೊಲೀಸರಿಗೂ ಶಿಕ್ಷಕರಿಗೂ ತಿಳಿವಳಿಕೆ ಕೊಡಲು ಸೂಚಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಎನ್‌ಸಿಇಆರ್‌ಟಿ ಲಿಂಗಾಂತರಿ ಮಕ್ಕಳನ್ನು ಶಾಲೆಯಲ್ಲಿ ಹೇಗೆ ನಡೆಸಿಕೊಳ್ಳಬೇಕೆಂದು ಶಿಕ್ಷಕರಿಗಾಗಿ ಒಂದು ಕೈಪಿಡಿ ತಂದಿತು. ಶೌಚಾಲಯ, ಸಮವಸ್ತ್ರ, ಅಣಕ ಎಲ್ಲವೂ ಅದರಲ್ಲಿದ್ದವು. ದೂರು ಬಂದದ್ದೇ ತಡ, ಕೆಲವೇ ದಿನಗಳಲ್ಲಿ ಅದನ್ನು ಜಾಲತಾಣದಿಂದ ಇಳಿಸಿದರು. ಮರುವರ್ಷ ಫೆಬ್ರುವರಿಯಲ್ಲಿ ಹರಿಯಾಣದ ಫರೀದಾಬಾದಿನಲ್ಲಿ, ಸಹಪಾಠಿಗಳ ಕಾಟ ತಾಳದೆ ಹತ್ತನೇ ಕ್ಲಾಸಿನ ಒಬ್ಬ ಹುಡುಗ ಸತ್ತ. ತಾಯಿ ಅದೇ ಶಾಲೆಯ ಟೀಚರು.

ನಮ್ಮಂಥದೇ ಬರದ ನೆಲದ ಒಂದು ಸಿನಿಮಾ 2025ರಲ್ಲಿ ಬಂದಿದೆ. ರೋಹನ್ ಕಾನವಡೆ ಅವರ ಮರಾಠಿ ಚಿತ್ರ ‘ಸಾಬರ್ ಬೊಂಡ’. ಅಮೆರಿಕದ ಸನ್‌ಡಾನ್ಸ್ ಉತ್ಸವದಲ್ಲಿ ವಿಶ್ವಸಿನಿಮಾ ವಿಭಾಗದ ದೊಡ್ಡ ಬಹುಮಾನ ಪಡೆಯಿತು. ಮುಂಬಯಿಯ ಆನಂದ, ತಂದೆ ಸತ್ತ ಹತ್ತು ದಿನದ ಸೂತಕಕ್ಕೆ ಹಳ್ಳಿಗೆ ಬರುತ್ತಾನೆ. ನೆಂಟರು ಮದುವೆ ಯಾವಾಗ ಎಂದು ಪೀಡಿಸುತ್ತಾರೆ. ಮೇಕೆ ಕಾಯುವ ಬಾಲ್ಯದ ಗೆಳೆಯ ಬಾಲ್ಯಾ ಸಿಗುತ್ತಾನೆ. ಯಾರೂ ನೇಣು ಹಾಕಿಕೊಳ್ಳುವುದಿಲ್ಲ, ಯಾರೂ ಕೈ ತಿರುವಿ ನಗಿಸುವುದಿಲ್ಲ. ಮಗನ ಮನಸ್ಸು ತಾಯಿಗೆ ಗೊತ್ತು. ಅವಳು ಅವನ ಕಡೆಗೇ ಇದ್ದಾಳೆ. ಸಾಬರ್ ಬೊಂಡ ಎಂದರೆ ಪಾಪಾಸುಕಳ್ಳಿ ಹಣ್ಣು. ಕೂಡ್ಲಿಗಿ ಕೊಟ್ಟೂರು ಕಡೆ ಹೊಲದ ಬೇಲಿಯಲ್ಲಿ ಅದು ಬೇಕಾದಷ್ಟಿದೆ. ಶಾಲೆಯಿಂದ ಬರುವ ಹುಡುಗರು ಮುಳ್ಳನ್ನು ಕಲ್ಲಿಗೆ ತಿಕ್ಕಿ ತೆಗೆದು, ನಾಲಿಗೆ ಕೆಂಪಾಗುವಂತೆ ತಿನ್ನುತ್ತಾರೆ.